23 ವರ್ಷ ತಡವಾಗಿ ಬಂದ ಮಹಾವೀರ ಚಕ್ರ

ವೀಕ್ಷಕರೇ, ಮಡಿಕೇರಿಗೆ ಹೋಗದೇ ಇರುವವರು ನಮ್ಮಲ್ಲಿ ಕಡಿಮೆ. ಹೋಗ್ತೀವಿ, ರಾಜಾಸೀಟ್‌ನಲ್ಲಿ ನಿಂತು ಮಂಜು ನೋಡ್ತೀವಿ, ಅಬ್ಬಿ ಫಾಲ್ಸ್ ಹತ್ರ ಫೋಟೊ ತೆಗೆಸಿಕೊಳ್ತೀವಿ, ಬರುವಾಗ ಕಾಫಿ ಪುಡಿ, ಜೇನುತುಪ್ಪ ಕಟ್ಟಿಸಿಕೊಂಡು ಬರ್ತೀವಿ. ಅದೇ ಊರಿನ ಹಳೆ ಖಾಸಗಿ ಬಸ್ ನಿಲ್ದಾಣದ ಹತ್ರ ಒಂದು ಪ್ರತಿಮೆ ಇದೆ. ಜನರಲ್ ತಿಮ್ಮಯ್ಯನವರದ್ದಲ್ಲ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರದ್ದೂ ಅಲ್ಲ. ಅವರಿಬ್ಬರನ್ನು ಗುರುತು ಹಿಡಿಯದ ಕನ್ನಡಿಗ ಇಲ್ಲ. ಈ ಪ್ರತಿಮೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರದ್ದು. ಯುದ್ಧ ನಡೆದದ್ದು 1965ರಲ್ಲಿ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಪ್ರತಿಮೆ ನಿಂತದ್ದು 2020ರಲ್ಲಿ.

ಈ ಮೂರು ಇಸವಿಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಗೆರೆ ಎಳೆದು ಕಳೆಯೋ ಲೆಕ್ಕ ಮಾಡಿ. ಯುದ್ಧಕ್ಕೂ ಪದಕಕ್ಕೂ ನಡುವೆ 23 ವರ್ಷ. ಪದಕಕ್ಕೂ ಪ್ರತಿಮೆಗೂ ನಡುವೆ ಇನ್ನೊಂದು 32. ಒಬ್ಬ ಸೈನಿಕ ತನ್ನ ದೇಶಕ್ಕೆ ಪ್ರಾಣ ಕೊಡೋಕೆ ತೆಗೆದುಕೊಂಡದ್ದು ಒಂದು ಬೆಳಗಿನ ಕೆಲವೇ ನಿಮಿಷ. ಅವನಿಗೆ ಥ್ಯಾಂಕ್ಸ್ ಹೇಳೋಕೆ ದೇಶ ತೆಗೆದುಕೊಂಡದ್ದು 23 ವರ್ಷ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಆ ಕೆಲವು ನಿಮಿಷದ ಕಥೆ. ಜೊತೆಗೆ ಆ 23 ವರ್ಷದ ಕಥೆಯನ್ನೂ ಹೇಳಲೇಬೇಕು. ಯಾಕೆಂದರೆ ಮೊದಲನೆಯದು ಅವರ ಕಥೆ, ಎರಡನೆಯದು ನಮ್ಮ ಕಥೆ.

ಮೊದಲು ಸ್ವಲ್ಪ ಹಿನ್ನೆಲೆ. 1965ರ ಆಗಸ್ಟ್. ಮೂರು ವರ್ಷದ ಹಿಂದಷ್ಟೇ ಚೀನಾ ಕೈಲಿ ಪೆಟ್ಟು ತಿಂದಿದ್ದ ದೇಶ ನಮ್ಮದು. ನೆಹರೂ ತೀರಿಕೊಂಡು ವರ್ಷ ಕಳೆದಿತ್ತು. ಪ್ರಧಾನಿ ಕುರ್ಚಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ. ಈ ಕುಳ್ಳ ಮನುಷ್ಯ ಏನು ಮಾಡ್ತಾನೆ ಅಂದುಕೊಂಡ ಪಾಕಿಸ್ತಾನದ ಅಯೂಬ್ ಖಾನ್, ಕಾಶ್ಮೀರದೊಳಗೆ ಸಾವಿರಾರು ನುಸುಳುಕೋರರನ್ನು ಕಳಿಸಿದರು. ಅದಕ್ಕೆ ಅವರಿಟ್ಟ ಹೆಸರು ಆಪರೇಷನ್ ಜಿಬ್ರಾಲ್ಟರ್. ಅದು ಕೈಕೊಟ್ಟಿತು. ಸೆಪ್ಟೆಂಬರ್ 1ಕ್ಕೆ ಛಂಬ್ ಸೆಕ್ಟರ್‌ನಲ್ಲಿ ಟ್ಯಾಂಕ್‌ಗಳನ್ನೇ ನುಗ್ಗಿಸಿದರು. ಅವತ್ತು ಸಂಜೆಯೇ ನಮ್ಮ ವಾಯುಪಡೆ ಕಣಕ್ಕಿಳಿಯಿತು. ಸೆಪ್ಟೆಂಬರ್ 6ಕ್ಕೆ ನಮ್ಮ ಭೂಸೇನೆ ಅಂತಾರಾಷ್ಟ್ರೀಯ ಗಡಿ ದಾಟಿ ಲಾಹೋರ್ ಕಡೆಗೆ ಹೆಜ್ಜೆ ಹಾಕಿತು. ಶಾಸ್ತ್ರಿ ಕುಳ್ಳ ಇರಬಹುದು, ಎದೆ ಕುಳ್ಳಗಿರಲಿಲ್ಲ.

ಆದರೆ ಅದೇ ಸೆಪ್ಟೆಂಬರ್ 6ರ ಸಂಜೆ ನಮಗೆ ಒಂದು ದೊಡ್ಡ ಹೊಡೆತ ಬಿತ್ತು. ಪಾಕಿಸ್ತಾನದ ಸೇಬರ್ ಜೆಟ್‌ಗಳು ಪಠಾಣ್‌ಕೋಟ್ ವಾಯುನೆಲೆ ಮೇಲೆ ಎರಗಿದವು. ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳು ನಿಂತಲ್ಲೇ ಸುಟ್ಟುಹೋದವು. ಅದರಲ್ಲಿ ಆಗಷ್ಟೇ ಬಂದಿದ್ದ ಮಿಗ್-21 ಕೂಡ ಇದ್ದವು. ಇದನ್ನೆಲ್ಲ ನಾವು ಮುಚ್ಚಿಟ್ಟು ಇತಿಹಾಸ ಹೇಳಬಾರದು. ಪೆಟ್ಟು ತಿಂದದ್ದನ್ನು ಹೇಳದಿದ್ದರೆ, ಮರುದಿನ ಬೆಳಗ್ಗೆ ನಮ್ಮವರು ಯಾವ ಸ್ಥಿತಿಯಲ್ಲಿ ಎದ್ದು ಹೋದರು ಅನ್ನೋದು ಅರ್ಥವೇ ಆಗಲ್ಲ.

ಮರುದಿನ ಅಂದರೆ ಸೆಪ್ಟೆಂಬರ್ 7. ಗುರಿ, ಸರ್ಗೋಧಾ. ಪಾಕಿಸ್ತಾನ ವಾಯುಪಡೆಯ ಅತಿ ದೊಡ್ಡ ಕೋಟೆ ಅದು. ಅತಿ ಹೆಚ್ಚು ಕಾವಲು ಇದ್ದ ಜಾಗ. ಹೊರಡುವ ಜಾಗ, ಪಂಜಾಬಿನ ಜಲಂಧರ್ ಹತ್ತಿರದ ಆದಂಪುರ. ನಡುವಿನ ದೂರ ಸುಮಾರು 300 ಕಿಲೋಮೀಟರ್. ಹೋಗಿ ಬರೋಕೆ 600. ನೀವು ಕೇಳಬಹುದು, ಜೆಟ್ ವಿಮಾನಕ್ಕೆ 600 ಕಿಲೋಮೀಟರ್ ಯಾವ ಲೆಕ್ಕ ಅಂತ. ಲೆಕ್ಕ ಇದೆ. ರೇಡಾರ್ ಕಣ್ಣಿಗೆ ಬೀಳಬಾರದು ಅಂದರೆ ಮರದ ತುದಿ ಸವರಿಕೊಂಡು ಹೋಗಬೇಕು. ಅಷ್ಟು ಕೆಳಗೆ ಗಾಳಿ ದಪ್ಪ, ಜೆಟ್ ಎಂಜಿನ್ ಇಂಧನವನ್ನು ನೀರಿನ ಹಾಗೆ ಕುಡಿಯುತ್ತೆ. ನಮ್ಮವರ ಕೈಲಿದ್ದ ವಿಮಾನಕ್ಕೆ ಸರ್ಗೋಧಾ ಅಂದರೆ ಹಗ್ಗದ ಕಟ್ಟಕಡೆಯ ತುದಿ. ಹೋಗು, ಹೊಡಿ, ವಾಪಸ್ ಬಾ. ಅಲ್ಲಿ ಕಾದಾಡ್ತಾ ಕೂರುವಷ್ಟು ಇಂಧನ ಯಾರ ಟ್ಯಾಂಕಿನಲ್ಲೂ ಇರಲಿಲ್ಲ. ಈ ಮಾತನ್ನು ನೆನಪಲ್ಲಿಡಿ. ಆಮೇಲೆ ಬೇಕಾಗುತ್ತೆ.

ಕೆಲಸ ಬಿದ್ದದ್ದು ವಾಯುಪಡೆಯ ನಂಬರ್ 1 ಸ್ಕ್ವಾಡ್ರನ್‌ಗೆ. ಟೈಗರ್ಸ್ ಅಂತ ಅದಕ್ಕೆ ಹೆಸರು. ಕಮಾಂಡರ್, ವಿಂಗ್ ಕಮಾಂಡರ್ ಓ.ಪಿ. ತನೇಜಾ. ವಿಮಾನ, ಫ್ರಾನ್ಸಿನ ಮಿಸ್ಟೇರ್. ಹನ್ನೆರಡು ವಿಮಾನ ಹೋಗಬೇಕು ಅಂತ ಯೋಜನೆ. ಆ ಹನ್ನೆರಡರ ಪಟ್ಟಿಯಲ್ಲಿ ದೇವಯ್ಯನವರ ಹೆಸರು ಇರಲಿಲ್ಲ.

ಹೌದು, ಇರಲಿಲ್ಲ. ಅವರು ಸ್ಟ್ಯಾಂಡ್‌ಬೈ. ಯಾರದ್ದಾದರೂ ವಿಮಾನ ಕೈಕೊಟ್ಟರೆ ಮಾತ್ರ ಆ ಜಾಗಕ್ಕೆ ಹೋಗಬೇಕು. ಕ್ರಿಕೆಟ್ ಭಾಷೆಯಲ್ಲಿ ಹೇಳೋದಾದರೆ ಹನ್ನೆರಡನೇ ಆಟಗಾರ. ಇಲ್ಲಿ ಹದಿಮೂರನೆಯವರು ಅನ್ನಿ.

ಈ ಮನುಷ್ಯ ಯಾರು? ಹುಟ್ಟಿದ್ದು 1932ರ ಡಿಸೆಂಬರ್ 24. ಕೊಡಗಿನ ಅಜ್ಜಮಾಡ ಒಕ್ಕ. ಕೊಡವರಲ್ಲಿ ಮೊದಲು ಬರೋದು ಒಕ್ಕದ ಹೆಸರು, ಆಮೇಲೆ ನಮ್ಮ ಹೆಸರು. ಅಂದರೆ ನಾನು ಮೊದಲು ನನ್ನ ಮನೆತನದವನು, ಆಮೇಲೆ ನಾನು. ಬಂದೂಕಿಗೆ ಹೂವು ಮುಡಿಸಿ ಪೂಜೆ ಮಾಡುವ ಕೈಲ್‌ಪೋಳ್ದ್ ಹಬ್ಬ ಕೊಡಗಿನಲ್ಲಿ ನಡೆಯೋದು ಸೆಪ್ಟೆಂಬರ್ ಮೊದಲ ವಾರದಲ್ಲೇ. ಊರಿನ ಐನ್‌ಮನೆಗಳಲ್ಲಿ ಆಯುಧ ಪೂಜೆಯ ದಿನಗಳು ಅವು. ಊರಿನ ಹುಡುಗ ಅದೇ ವಾರ ಆದಂಪುರದ ರನ್‌ವೇ ಮೇಲೆ ವಿಮಾನದಲ್ಲಿ ಕೂತಿದ್ದರು.

ದೇವಯ್ಯ ವಾಯುಪಡೆಗೆ ಪೈಲಟ್ ಆಗಿ ಸೇರಿದ್ದು 1954ರಲ್ಲಿ. ಯುದ್ಧ ಶುರುವಾದಾಗ ಅವರು ತರಬೇತುದಾರರು. ಹೊಸ ಹುಡುಗರಿಗೆ ವಿಮಾನ ಹಾರಿಸೋದು ಕಲಿಸುವ ಮೇಷ್ಟ್ರು ಅನ್ನಿ. ಯುದ್ಧದ ಕಾರಣಕ್ಕೆ ಟೈಗರ್ಸ್ ಸ್ಕ್ವಾಡ್ರನ್‌ಗೆ ಬಂದು ಸೇರಿಕೊಂಡವರು. ವಯಸ್ಸು 32. ಮನೆಯಲ್ಲಿ ಪತ್ನಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಈ ಸ್ಟುಡಿಯೋದಲ್ಲಿ ನಿಂತು ಮಾತಾಡ್ತಿರೋ ನನ್ನದೂ ಹೆಚ್ಚುಕಡಿಮೆ ಅದೇ ವಯಸ್ಸು. ಅದಕ್ಕೇ ಈ ಕಥೆ ಓದುವಾಗ 32 ಅನ್ನೋ ಅಂಕಿ ಹತ್ರ ನಾನು ಸ್ವಲ್ಪ ಹೊತ್ತು ನಿಂತುಬಿಟ್ಟೆ.

ಬೆಳಗಿನ ಜಾವ, ಇನ್ನೂ ಕತ್ತಲು. ಐದೂವರೆ ಆಸುಪಾಸಿಗೆ ವಿಮಾನಗಳು ಒಂದೊಂದಾಗಿ ಮೇಲೆದ್ದವು. ಮೇಲೆದ್ದವುಗಳಲ್ಲಿ ಒಂದು ಹಿಂದೆ ಸರಿಯಿತು. ಆ ಖಾಲಿ ಜಾಗಕ್ಕೆ ದೇವಯ್ಯ ಹೋಗಿ ಸೇರಿಕೊಂಡರು. ಅಷ್ಟೇ. ಒಂದು ವಿಮಾನ ಸರಿಯಾಗಿದ್ದಿದ್ದರೆ ಅವತ್ತು ಅವರು ಆದಂಪುರದ ಮೆಸ್‌ನಲ್ಲಿ ಚಹಾ ಕುಡೀತಿದ್ದರು. ಸ್ಟ್ಯಾಂಡ್‌ಬೈ ಅಂದರೆ ನಾವು ಲೆಕ್ಕಕ್ಕಿಲ್ಲದವನು ಅಂದ್ಕೋತೀವಿ. ಅಲ್ಲ. ಕರೆ ಬರುತ್ತೋ ಇಲ್ಲವೋ ಗೊತ್ತಿಲ್ಲದಿದ್ದರೂ ಕರೆ ಬಂದೇಬರುತ್ತೆ ಅನ್ನೋ ಹಾಗೆ ತಯಾರಾಗಿರುವವನು ಸ್ಟ್ಯಾಂಡ್‌ಬೈ.

ಮಿಸ್ಟೇರ್‌ಗಳು ಸರ್ಗೋಧಾ ಮೇಲೆ ದಾಳಿ ಮಾಡಿದವು. ದಾಳಿ ಮುಗಿಸಿ ಪೂರ್ವಕ್ಕೆ ಮೂತಿ ತಿರುಗಿಸಿದವು. ಅಷ್ಟರಲ್ಲಿ ಪಾಕಿಸ್ತಾನ ಎಚ್ಚೆತ್ತಿತ್ತು. ಆಕಾಶದಲ್ಲಿದ್ದ ಒಂದು ಎಫ್-104 ಸ್ಟಾರ್‌ಫೈಟರ್ ಇವರ ಬೆನ್ನು ಹತ್ತಿತು. ಅದರೊಳಗಿದ್ದ ಪೈಲಟ್ ಹೆಸರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಎರಡು ವಿಮಾನಗಳ ನಡುವಿನ ಅಂತರ ಎಷ್ಟು ಅಂತ ತಿಳಿಯದಿದ್ದರೆ ಮುಂದೆ ಆದದ್ದರ ತೂಕ ಗೊತ್ತಾಗಲ್ಲ. ಸ್ಟಾರ್‌ಫೈಟರ್ ಅಮೆರಿಕದ ಲಾಕ್‌ಹೀಡ್ ಕಂಪನಿಯದ್ದು. ಶಬ್ದದ ಎರಡು ಪಟ್ಟು ವೇಗ. ಬೆಂಕಿಯ ಶಾಖ ಹಿಡಿದು ಬೆನ್ನಟ್ಟುವ ಸೈಡ್‌ವೈಂಡರ್ ಕ್ಷಿಪಣಿ. ಆರು ನಳಿಗೆಯ, ತಿರುಗುತ್ತಾ ಗುಂಡು ಸುರಿಯುವ 20 ಮಿಲಿಮೀಟರ್ ಗನ್. ಆಗಿನ ಕಾಲಕ್ಕೆ ಏಷ್ಯಾದ ಈ ಭಾಗದಲ್ಲಿ ಅದಕ್ಕೆ ಸಮನಾದ ವಿಮಾನಗಳು ತೀರಾ ಕಡಿಮೆ. ಪಾಕಿಸ್ತಾನದ ಬಳಿ ಇದ್ದದ್ದು ಒಂದು ಡಜನ್ ಅಷ್ಟೇ, ಆದರೆ ಆ ಒಂದು ಡಜನ್‌ಗೇ ನಮ್ಮಲ್ಲಿ ಹೆದರಿಕೆ ಇತ್ತು. ನಮ್ಮ ಮಿಸ್ಟೇರ್? ನೆಲಕ್ಕೆ ಸಮಾನಾಂತರವಾಗಿ ಹಾರುವಾಗ ಶಬ್ದದ ವೇಗವನ್ನೂ ಮುಟ್ಟದ ವಿಮಾನ. ಕ್ಷಿಪಣಿ ಇಲ್ಲ. ಇದ್ದದ್ದು ಎರಡು 30 ಮಿಲಿಮೀಟರ್ ಫಿರಂಗಿ. ನೆಲದ ಮೇಲೆ ದಾಳಿ ಮಾಡೋಕೆ ಬಳಸುತ್ತಿದ್ದ ವಿಮಾನ ಅದು. ಸ್ಟಾರ್‌ಫೈಟರ್ ಜೊತೆ ಜಗಳಕ್ಕೆ ಅಂತ ಮಾಡಿದ್ದಲ್ಲ.

ಕಾಗದದ ಮೇಲೆ ಇದು ಮ್ಯಾಚೇ ಅಲ್ಲ.

ಅಮ್ಜದ್ ಹುಸೇನ್ ಕ್ಷಿಪಣಿ ಬಿಟ್ಟ. ಅಷ್ಟು ಕೆಳಮಟ್ಟದಲ್ಲಿ ಅದು ಗುರಿ ತಪ್ಪಿತು. ಆಮೇಲೆ ಗನ್ ಹಿಡಿದ. ಈ ಸಲ ಏಟು ಬಿತ್ತು. ದೇವಯ್ಯನವರ ಮಿಸ್ಟೇರ್‌ಗೆ ಗುಂಡು ನಾಟಿದವು. ಇದು ಮುಗೀತು ಅಂತ ಅಂದುಕೊಂಡ ಅಮ್ಜದ್, ಮುಂದೆ ಹೋಗುತ್ತಿದ್ದ ಇನ್ನುಳಿದ ನಮ್ಮ ವಿಮಾನಗಳ ಕಡೆ ಗಮನ ತಿರುಗಿಸಿದ.

ಮುಗಿದಿರಲಿಲ್ಲ.

ಈಗ ದೇವಯ್ಯನವರ ಜಾಗದಲ್ಲಿ ಕೂತು ಯೋಚನೆ ಮಾಡಿ. ವಿಮಾನಕ್ಕೆ ಏಟು ಬಿದ್ದಿದೆ. ಕೆಳಗಿರೋದು ಶತ್ರು ನೆಲ. ಟ್ಯಾಂಕಿನಲ್ಲಿ ಇಂಧನ ಮನೆ ಸೇರೋಕೆ ಸಾಕಾದರೆ ಹೆಚ್ಚು. ಬೆನ್ನು ಹತ್ತಿದವನು ಬೇರೆಯವರ ಕಡೆ ಹೋಗ್ತಿದ್ದಾನೆ. ದಾರಿ ಖಾಲಿ ಇದೆ. ಸುಮ್ಮನೆ ಮರದ ಮಟ್ಟಕ್ಕೆ ಇಳಿದು ಗಡಿ ಕಡೆ ಓಡಬಹುದಿತ್ತು. ವಿಮಾನ ಹಿಡಿದುಕೊಂಡಿದ್ದರೆ ಬದುಕಲೂಬಹುದಿತ್ತು. ಹಾಗೆ ಮಾಡಿದ್ದರೆ ಅವರನ್ನು ಯಾರೂ ಹೇಡಿ ಅಂತ ಕರೀತಿರಲಿಲ್ಲ. ಕೊಟ್ಟ ಕೆಲಸ ಮುಗಿದಿತ್ತಲ್ಲ?

ಅವರು ಓಡಲಿಲ್ಲ. ಏಟು ತಿಂದ ವಿಮಾನವನ್ನು ಸ್ಟಾರ್‌ಫೈಟರ್ ಕಡೆಗೇ ತಿರುಗಿಸಿದರು.

ಮುಂದೆ ನಡೆದದ್ದಕ್ಕೆ ಧೈರ್ಯದ ಜೊತೆ ಸ್ವಲ್ಪ ಭೌತಶಾಸ್ತ್ರವೂ ಬೇಕು. ನಾನು ಎಂಜಿನಿಯರಿಂಗ್ ಓದಿ ನ್ಯೂಸ್ ಓದೋಕೆ ಬಂದವನು, ಇಷ್ಟಾದರೂ ಉಪಯೋಗಕ್ಕೆ ಬರಲಿ. ಸ್ಟಾರ್‌ಫೈಟರ್‌ನ ರೆಕ್ಕೆ ತೀರಾ ಚಿಕ್ಕದು, ತೀರಾ ತೆಳು. ಅದರ ಮುಂಭಾಗದ ಅಂಚು ಎಷ್ಟು ಚೂಪು ಅಂದರೆ ನೆಲದ ಮೇಲೆ ನಿಂತಾಗ ಕೆಲಸಗಾರರ ಕೈ ಕೊಯ್ಯಬಾರದು ಅಂತ ಕವಚ ಹಾಕಿಡುತ್ತಿದ್ದರು. ನೇರ ದಾರಿಯಲ್ಲಿ ಬಾಣದ ಹಾಗೆ ಹೋಗೋಕೆ ಅದು ಸರಿ. ತಿರುಗೋಕೆ? ತಿರುಗಬೇಕು ಅಂದರೆ ಗಾಳಿಯನ್ನು ಹಿಡಿಯುವ ರೆಕ್ಕೆ ಬೇಕು. ಇನ್ನೊಂದು ಸೂತ್ರ: ಅಷ್ಟೇ ಬಲ ಹಾಕಿ ತಿರುಗುವಾಗ ವೇಗ ಎರಡು ಪಟ್ಟಾದರೆ ತಿರುವಿನ ವೃತ್ತ ನಾಲ್ಕು ಪಟ್ಟು ದೊಡ್ಡದಾಗುತ್ತೆ. ಸಂಪಾಜೆ ಘಾಟಿಯಲ್ಲಿ ನೋಡಿರ್ತೀರಿ. ಹೈವೇಯಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಬಂದ ದೊಡ್ಡ ಕಾರು ಕಡಿದಾದ ತಿರುವಿನಲ್ಲಿ ಬ್ರೇಕ್ ಹಾಕಿ ಏದುಸಿರು ಬಿಡುತ್ತೆ. ಹಳೇ ಬೈಕಿನವನು ಆರಾಮಾಗಿ ಒಳಗಿನಿಂದ ತಿರುಗಿಸಿಕೊಂಡು ಹೋಗಿಬಿಡ್ತಾನೆ. ಸ್ಟಾರ್‌ಫೈಟರ್ ತನ್ನ ವೇಗ ಬಿಟ್ಟು ಮಿಸ್ಟೇರ್ ಜೊತೆ ತಿರುಗಾಟದ ಕಾಳಗಕ್ಕೆ ಇಳಿಯಿತು ಅಂದರೆ, ಹೈವೇ ಬಿಟ್ಟು ಘಾಟಿಗೆ ಬಂತು ಅಂತ ಅರ್ಥ. ಕೊಡಗಿನವರಿಗೆ ಘಾಟಿ ಹೇಳಿಕೊಡಬೇಕಾ?

ಹಾಗಂತ ಇದು ಸುಲಭ ಅಂತಲ್ಲ. ಗುಂಡು ಬಿದ್ದ ವಿಮಾನ, ಸ್ಟಿಯರಿಂಗ್ ಅಲುಗಾಡುವ ಬೈಕು ಇದ್ದ ಹಾಗೆ. ಆ ಸ್ಥಿತಿಯಲ್ಲಿ ತಿರುವು ಕಟ್ಟಿ, ಶತ್ರುವಿನ ಮೇಲೆ ಗುರಿ ಇಟ್ಟು, 30 ಮಿಲಿಮೀಟರ್ ಫಿರಂಗಿಯಿಂದ ದೇವಯ್ಯ ಹೊಡೆದರು. ಸ್ಟಾರ್‌ಫೈಟರ್‌ಗೆ ತಾಗಿತು. ಅದು ಹಾರುವ ಸ್ಥಿತಿಯಲ್ಲಿ ಉಳಿಯಲಿಲ್ಲ. ಅಮ್ಜದ್ ಹುಸೇನ್ ಪ್ಯಾರಾಚೂಟ್ ಬಿಚ್ಚಿ ಹಾರಿದ, ಬದುಕಿದ. ಬಿದ್ದದ್ದು ಅವನ ಸ್ವಂತ ನೆಲದ ಮೇಲೆ.

ದೇವಯ್ಯ ವಾಪಸ್ ಬರಲಿಲ್ಲ. ವಿಮಾನದ ಏಟೋ, ಇಂಧನವೋ, ಎರಡೂ ಸೇರಿಯೋ, ಅವರ ಮಿಸ್ಟೇರ್ ಪಾಕಿಸ್ತಾನದ ನೆಲದಲ್ಲೇ ಬಿತ್ತು. ಅವರ ದೇಹವನ್ನು ಹಳ್ಳಿಯ ಜನ ಹೊಲದಲ್ಲಿ ಮಣ್ಣು ಮಾಡಿದರು ಅಂತ ಪಾಕಿಸ್ತಾನದ ಕಡೆಯ ಬರಹಗಳು ಹೇಳುತ್ತವೆ. ಅಜ್ಜಮಾಡ ಒಕ್ಕದ ಮಗನಿಗೆ ಮಣ್ಣು ಹಾಕಿದ್ದು ಗಡಿಯಾಚೆಯ ಹೆಸರು ಗೊತ್ತಿಲ್ಲದ ರೈತರು.

ಇಷ್ಟು ಆ ಬೆಳಗಿನ ಕಥೆ. ಈಗ ಆದಂಪುರಕ್ಕೆ ಬನ್ನಿ.

ಅಲ್ಲಿ ಏನು ಗೊತ್ತಿತ್ತು? ಏನೂ ಇಲ್ಲ. ದಾಳಿಗೆ ಹೋದವರು ಒಬ್ಬೊಬ್ಬರಾಗಿ ಇಳಿದರು. ದೇವಯ್ಯ ಇಳಿಯಲಿಲ್ಲ. ಅವರ ಕಾಳಗವನ್ನು ನೋಡಿದವರು ನಮ್ಮವರಲ್ಲಿ ಒಬ್ಬರೂ ಇಲ್ಲ. ಇನ್ನೂ ಪೂರ್ತಿ ಬೆಳಕು ಹರಿಯದ ಹೊತ್ತು, ಮರದ ಮಟ್ಟದ ಹಾರಾಟ, ಎಲ್ಲರ ಕಣ್ಣೂ ಮುಂದಿನ ದಾರಿ ಮೇಲೆ, ಇಂಧನದ ಮುಳ್ಳಿನ ಮೇಲೆ. ಹಾಗಾಗಿ ದಾಖಲೆಯಲ್ಲಿ ಬರೆದದ್ದು ಒಂದೇ ಪದ. ನಾಪತ್ತೆ.

ನಾಪತ್ತೆ. ಸೈನಿಕನ ಮನೆಯವರ ಪಾಲಿಗೆ ಅದಕ್ಕಿಂತ ಕ್ರೂರ ಪದ ಇಲ್ಲ ಅನ್ಸುತ್ತೆ ನನಗೆ. ಸತ್ತರು ಅಂದರೆ ಅಳಬಹುದು. ಸೆರೆ ಸಿಕ್ಕರು ಅಂದರೆ ಕಾಯಬಹುದು. ನಾಪತ್ತೆ ಅಂದರೆ ಅಳೋದಾ, ಕಾಯೋದಾ? 1965 ಮತ್ತು 1971ರ ಯುದ್ಧಗಳಲ್ಲಿ ನಾಪತ್ತೆಯಾದ ಎಷ್ಟೋ ಸೈನಿಕರ ಮನೆಗಳಲ್ಲಿ ಹೀಗೇ ತಲೆಮಾರು ಕಳೆಯಿತು.

ಇದೇ 1965ರ ಯುದ್ಧದಲ್ಲಿ ಕೊಡಗಿನ ಇನ್ನೊಬ್ಬ ಪೈಲಟ್ ಕೂಡ ಗಡಿಯಾಚೆ ಬಿದ್ದಿದ್ದರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ. ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಒಂದು ದಿನ ಇರುವಾಗ, ಅವರ ಹಂಟರ್ ವಿಮಾನ ಬಿತ್ತು, ಸೆರೆಯಾದರು. ಅಯೂಬ್ ಖಾನ್ ಒಂದು ಕಾಲಕ್ಕೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ನಿಮ್ಮ ಮಗನನ್ನು ಬಿಡ್ತೀವಿ ಅಂತ ಹೇಳಿ ಕಳಿಸಿದರು. ಎಲ್ಲ ಸೆರೆಯಾಳುಗಳನ್ನು ಬಿಡುವಾಗ ಅವನನ್ನೂ ಬಿಡಿ, ವಿಶೇಷ ಏನೂ ಬೇಡ ಅಂತ ತಂದೆ ಹೇಳಿದ್ದು ಎಲ್ಲರಿಗೂ ಗೊತ್ತಿರೋ ಕಥೆ. ಆ ಕಥೆ ನಮಗೆ ಗೊತ್ತಾಗಿದ್ದು ಯಾಕೆ? ಹೇಳೋಕೆ ಮಗ ಬದುಕಿ ಬಂದರು, ತಂದೆ ಹೆಸರು ದೊಡ್ಡದಿತ್ತು. ದೇವಯ್ಯನವರ ಕಥೆ ಹೇಳೋಕೆ ಯಾರೂ ಇರಲಿಲ್ಲ.

ಶೌರ್ಯ ಪ್ರಶಸ್ತಿ ಹೇಗೆ ಕೊಡ್ತಾರೆ? ಸುಮ್ಮನೆ ಕೊಡಲ್ಲ. ನೋಡಿದವರು ಬೇಕು, ಮೇಲಧಿಕಾರಿ ಶಿಫಾರಸು ಬೇಕು, ನಡೆದದ್ದರ ವಿವರ ಬೇಕು. ಇದು ತಪ್ಪಲ್ಲ, ಹಾಗೇ ಇರಬೇಕು. ಆದರೆ ಈ ನಿಯಮದಲ್ಲಿ ಒಂದು ನೋವಿದೆ. ಅತಿ ದೊಡ್ಡ ಧೈರ್ಯ ಎಷ್ಟೋ ಸಲ ಒಂಟಿಯಾಗಿದ್ದಾಗಲೇ ಬರುತ್ತೆ. ಯಾರೂ ನೋಡದ ಕಡೆ. ಅದನ್ನು ಕಂಡವನು ಒಬ್ಬನೇ ಇರ್ತಾನೆ. ಅವನು ಶತ್ರು.

ಇಲ್ಲೂ ಆದದ್ದು ಅದೇ. ಪಾಕಿಸ್ತಾನಕ್ಕೆ ಗೊತ್ತಿತ್ತು, ತನ್ನ ಸ್ಟಾರ್‌ಫೈಟರ್ ಬಿದ್ದಿದೆ ಅಂತ. ಆದರೆ ಶಬ್ದದ ಎರಡು ಪಟ್ಟು ವೇಗದ ನಮ್ಮ ಹೆಮ್ಮೆಯ ವಿಮಾನವನ್ನು ಭಾರತದ ಹಳೇ ಮಿಸ್ಟೇರ್ ಹೊಡೆದು ಹಾಕಿತು ಅಂತ ಯಾವ ದೇಶ ಡಂಗುರ ಸಾರುತ್ತೆ? ಅದೇ ಸೆಪ್ಟೆಂಬರ್ 7ರಂದು, ಅದೇ ಸರ್ಗೋಧಾ ಆಕಾಶದಲ್ಲಿ, ಎಂ.ಎಂ. ಆಲಂ ಅನ್ನೋ ಪೈಲಟ್ ಭಾರತದ ಐದು ಹಂಟರ್ ವಿಮಾನಗಳನ್ನು ಒಂದೇ ಹಾರಾಟದಲ್ಲಿ ಉರುಳಿಸಿದ ಅಂತ ಪಾಕಿಸ್ತಾನ ಜಗತ್ತಿಗೆಲ್ಲ ಹೇಳಿಕೊಂಡಿತು. ಆ ಲೆಕ್ಕವನ್ನು ಭಾರತ ಒಪ್ಪಿಲ್ಲ, ವಾದ ಇವತ್ತಿಗೂ ನಿಂತಿಲ್ಲ. ಆದರೆ ಆ ಕಥೆ ಪಾಕಿಸ್ತಾನದ ಪ್ರತಿ ಮಗುವಿಗೂ ಗೊತ್ತು. ಅದೇ ದಿನ ಅದೇ ಆಕಾಶದಲ್ಲಿ ನಮ್ಮವರೊಬ್ಬರು ಮಾಡಿದ್ದು ನಮಗೇ ಗೊತ್ತಿರಲಿಲ್ಲ.

1971 ಬಂತು. ಇನ್ನೊಂದು ಯುದ್ಧ. ಇದೇ ಅಮ್ಜದ್ ಹುಸೇನ್ ಸ್ಟಾರ್‌ಫೈಟರ್‌ನಲ್ಲಿ ಅಮೃತಸರದ ಮೇಲೆ ದಾಳಿಗೆ ಬಂದ. ನಮ್ಮ ವಿಮಾನ ನಿರೋಧಕ ಗುಂಡಿಗೆ ವಿಮಾನ ಬಿತ್ತು, ನಮ್ಮ ಕೈಗೇ ಸೆರೆ ಸಿಕ್ಕ. ದೇವಯ್ಯನವರ ಶೌರ್ಯದ ಏಕೈಕ ಸಾಕ್ಷಿ ಭಾರತದ ಸೆರೆಯಲ್ಲಿದ್ದ! ಆಗಲೂ ಆದಂಪುರದ ಆ ಕಡತ ಕದಲಲಿಲ್ಲ.

ಕಡತ ಕದಲಿದ್ದು ಒಂದು ಪುಸ್ತಕದಿಂದ. 1979ರಲ್ಲಿ ಜಾನ್ ಫ್ರಿಕರ್ ಅನ್ನೋ ಬ್ರಿಟಿಷ್ ಲೇಖಕ 1965ರ ವಾಯುಯುದ್ಧದ ಬಗ್ಗೆ 'ಬ್ಯಾಟಲ್ ಫಾರ್ ಪಾಕಿಸ್ತಾನ್' ಅಂತ ಪುಸ್ತಕ ತಂದ. ಹೆಸರೇ ಹೇಳುತ್ತೆ, ಅದು ಯಾರ ಕಡೆಯಿಂದ ನೋಡಿ ಬರೆದದ್ದು ಅಂತ. ಪಾಕಿಸ್ತಾನ ವಾಯುಪಡೆಯ ಮಾಹಿತಿ ಇಟ್ಟುಕೊಂಡು, ಅವರನ್ನು ಹೊಗಳೋಕೆ ಬರೆದ ಪುಸ್ತಕ. ಆ ಪುಸ್ತಕದ ಒಳಗೆ ಒಂದು ಕಡೆ ಈ ಘಟನೆ ಇತ್ತು. ಅಮ್ಜದ್ ಹುಸೇನ್‌ನ ಸ್ಟಾರ್‌ಫೈಟರ್ ಒಂದು ಮಿಸ್ಟೇರ್‌ಗೆ ಗುಂಡು ಹೊಡೆಯಿತು, ಆಮೇಲೆ ಮಿಸ್ಟೇರ್ ಜೊತೆಗಿನ ತಿರುಗಾಟದ ಕಾಳಗದಲ್ಲಿ ಏಟು ತಿಂದು ಬಿತ್ತು ಅಂತ.

ಯಾವ ಮಿಸ್ಟೇರ್? ಯಾರ ಮಿಸ್ಟೇರ್? ಪುಸ್ತಕದಲ್ಲಿ ಹೆಸರಿಲ್ಲ. ಇಲ್ಲಿಂದ ಮುಂದಿನದ್ದು ಪತ್ತೇದಾರಿ ಕೆಲಸ. ಅದನ್ನು ಮಾಡಿದ್ದು ನಮ್ಮ ವಾಯುಪಡೆಯ ಇತಿಹಾಸದ ಕೆಲಸ ಹಿಡಿದಿದ್ದ ಏರ್ ಕಮೋಡೋರ್ ಪ್ರೀತಂ ಸಿಂಗ್, ಮತ್ತು ಅವತ್ತು ದಾಳಿಯ ಮುಂದಾಳಾಗಿದ್ದ ತನೇಜಾ. ಲೆಕ್ಕ ಸರಳ. ಅವತ್ತು ಬೆಳಗ್ಗೆ ದಾಳಿಗೆ ಹೋಗಿ ವಾಪಸ್ ಬಂದ ಮಿಸ್ಟೇರ್ ಪೈಲಟ್‌ಗಳಲ್ಲಿ ಯಾರೂ ಸ್ಟಾರ್‌ಫೈಟರ್ ಹೊಡೆದೆ ಅಂತ ಹೇಳಿರಲಿಲ್ಲ. ಹೊಡೆದಿದ್ದರೆ ಯಾರು ತಾನೇ ಹೇಳದೆ ಇರ್ತಾರೆ? ಆ ಕಾಲಕ್ಕೆ ಅದು ಜೀವಮಾನದ ಸಾಧನೆ. ಬಂದವರು ಯಾರೂ ಹೊಡೆದಿಲ್ಲ. ಆದರೆ ಹೊಡೆದದ್ದು ಮಿಸ್ಟೇರ್. ಬಾರದೇ ಉಳಿದ ಮಿಸ್ಟೇರ್ ಒಂದೇ.

ದೇವಯ್ಯ.

ಬೀಜಗಣಿತದಲ್ಲಿ ಎಕ್ಸ್ ಬೆಲೆ ಕಂಡುಹಿಡಿಯೋದು ಇದೇ ರೀತಿ ಅಲ್ವಾ? ಗೊತ್ತಿರುವುದನ್ನೆಲ್ಲ ಒಂದೊಂದಾಗಿ ತೆಗೆದರೆ ಉಳಿಯೋದು ಒಂದೇ ಉತ್ತರ. ಇಷ್ಟು ಸರಳ ಲೆಕ್ಕಕ್ಕೆ ಬೇಕಾಗಿದ್ದ ಒಂದೇ ಒಂದು ಅಂಕಿ ಗಡಿಯಾಚೆ ಇತ್ತು.

ತನೇಜಾ ಸುಮ್ಮನೆ ಕೂರಲಿಲ್ಲ. ವಾಯುಪಡೆಗೆ ಬರೆದರು. ನನ್ನ ಸ್ಕ್ವಾಡ್ರನ್‌ನ ಹುಡುಗನಿಗೆ ಅನ್ಯಾಯ ಆಗಿದೆ, ಸರಿ ಮಾಡಿ ಅಂತ ಬೆನ್ನು ಬಿದ್ದರು. ಒಬ್ಬ ಕಮಾಂಡರ್‌ನ ಕೆಲಸ ದಾಳಿ ಮುಗಿಸಿ ನೆಲಕ್ಕಿಳಿದ ದಿನಕ್ಕೆ ಮುಗಿಯಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ? ಕೊನೆಗೆ 1988ರಲ್ಲಿ ಸರ್ಕಾರ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಿಸಿತು. ಪರಮವೀರ ಚಕ್ರದ ನಂತರ ಯುದ್ಧಕಾಲದ ಶೌರ್ಯಕ್ಕೆ ಕೊಡುವ ಅತಿ ದೊಡ್ಡ ಗೌರವ. ಪದಕ ಸೇರಿದ್ದು ಅವರ ಪತ್ನಿಯ ಕೈಗೆ. ಅಪ್ಪ ಹೋದಾಗ ಪುಟ್ಟ ಮಕ್ಕಳಾಗಿದ್ದವರು ಅಷ್ಟೊತ್ತಿಗೆ ಬೆಳೆದು ದೊಡ್ಡವರಾಗಿದ್ದರು. ನಾಪತ್ತೆ ಅನ್ನೋ ಪದದ ಕೆಳಗೆ ಅಪ್ಪ ಏನು ಮಾಡಿ ಹೋದ ಅನ್ನೋದು ಅವರಿಗೆ ಗೊತ್ತಾಗಲು ಅಷ್ಟು ವರ್ಷ ಬೇಕಾಯಿತು.

ಈಗ ನಮ್ಮ ಕಥೆಗೆ ಬರ್ತೀನಿ. ನಮ್ಮದು ಅಂದರೆ ಟಿವಿಯವರದ್ದು.

2019ರ ಫೆಬ್ರವರಿ 27. ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್, ಮಿಗ್-21. ಎದುರಿಗೆ ಅಮೆರಿಕದ ಎಫ್-16. ಹಳೇ ವಿಮಾನ, ಹೊಸ ವಿಮಾನ. 1965ರ ಕಥೆಯೇ ಮತ್ತೆ ನಡೆದ ಹಾಗೆ. ಎಫ್-16 ಉರುಳಿಸಿದ್ದಕ್ಕೆ ಅವರಿಗೆ ವೀರ ಚಕ್ರ ಸಿಕ್ಕಿತು. ಪಾಕಿಸ್ತಾನ ಎಫ್-16 ಕಳೆದುಕೊಂಡಿದ್ದನ್ನು ಇವತ್ತಿಗೂ ಒಪ್ಪಿಲ್ಲ. ಅವತ್ತು ನಮ್ಮ ಸ್ಟುಡಿಯೋಗಳಲ್ಲಿ ಗ್ರಾಫಿಕ್ಸ್ ವಿಮಾನಗಳು ಹಾರಿದವು, ಸೈರನ್ ಕೂಗಿದವು, ಎರಡು ನಿಮಿಷಕ್ಕೊಂದು ಬ್ರೇಕಿಂಗ್. ನಾವು ಹೇಳಿದ್ದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಅಂತ ಮರುದಿನ ನಾವು ಎಣಿಸಲಿಲ್ಲ. ನಾನೂ ಅದರಲ್ಲಿ ಇದ್ದವನೇ, ಬೇರೆಯವರ ಮೇಲೆ ಬೆರಳು ತೋರಿಸ್ತಿಲ್ಲ. ಈಗ ಯೋಚನೆ ಮಾಡ್ತೀನಿ. ಪುಸ್ತಕದ ಒಂದು ಸಾಲು ಹಿಡಿದುಕೊಂಡು, ಹಳೇ ಕಡತ ತೆಗೆದು, ಯಾರು ಬಂದರು ಯಾರು ಬರಲಿಲ್ಲ ಅಂತ ಲೆಕ್ಕ ಹಾಕಿದ ಆ ಇಬ್ಬರು ಅಧಿಕಾರಿಗಳು ಮಾಡಿದ್ದು ನಿಜವಾದ ಪತ್ರಿಕೋದ್ಯಮ. ನಾವು ಮಾಡಿದ್ದು ಸದ್ದು.

ಯಾಕೆ ಹೇಳ್ತಿದ್ದೀನಿ ಅಂದರೆ, ಸೈನಿಕನ ಬಗ್ಗೆ ಸುಳ್ಳು ಹೇಳಿದರೂ ದೇಶಭಕ್ತಿಯೇ ಅಲ್ವಾ ಅಂತ ಕೆಲವರು ಕೇಳ್ತಾರೆ. ಅಲ್ಲ. ದೇವಯ್ಯನವರ ಕಥೆ ಇಷ್ಟು ಗಟ್ಟಿಯಾಗಿ ನಿಂತಿರೋದು ಯಾಕೆ? ಅದನ್ನು ನಾವು ಹೇಳಿಕೊಂಡದ್ದಲ್ಲ, ಅವರು ಒಪ್ಪಿಕೊಂಡದ್ದು. ಸತ್ಯ ನಿಧಾನವಾಗಿ ಬಂತು, ಆದರೆ ಬಂದ ಮೇಲೆ ಅಲ್ಲಾಡಲಿಲ್ಲ.

2025ರ ಜನವರಿಯಲ್ಲಿ 'ಸ್ಕೈ ಫೋರ್ಸ್' ಅಂತ ಹಿಂದಿ ಸಿನಿಮಾ ಬಂತು. ಇದೇ ಘಟನೆ ಆಧರಿಸಿದ್ದು. ಆದರೆ ಪಾತ್ರದ ಹೆಸರು ಬೇರೆ. ದೇವಯ್ಯ ಅನ್ನೋ ಹೆಸರಿಲ್ಲ, ಕೊಡವನ ಗುರುತಿಲ್ಲ ಅಂತ ಕೊಡಗಿನಲ್ಲಿ ಸಿಟ್ಟು ಬಂತು. ಕೊಡಗಿನವರ ಸಿಟ್ಟು ನನಗೆ ಅರ್ಥವಾಗುತ್ತೆ. 23 ವರ್ಷ ಹೆಸರಿಲ್ಲದೆ ಇದ್ದ ಮನುಷ್ಯ. ಕಡೆಗೂ ಹೆಸರು ಸಿಕ್ಕಿದೆ. ಅದನ್ನು ಮತ್ತೆ ಬದಲಾಯಿಸಬೇಡಿ ಅಂದರೆ ತಪ್ಪೇನಿದೆ? ಒಕ್ಕದ ಹೆಸರು ಮೊದಲು ಇಡುವ ಜನ ಅವರು. ಹೆಸರು ಅವರಿಗೆ ಅಲಂಕಾರ ಅಲ್ಲ, ವಿಳಾಸ.

ಆದರೆ ವೀಕ್ಷಕರೇ, ಬಾಲಿವುಡ್‌ಗೆ ಬಯ್ಯುವ ಮುಂಚೆ ನಮ್ಮನ್ನೇ ಒಂದು ಮಾತು ಕೇಳಿಕೊಳ್ಳೋಣ. ಸಿನಿಮಾ ಬರುವ ಮುಂಚೆ ನಮ್ಮಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತಿತ್ತು? ನನ್ನನ್ನೇ ಕೇಳಿ, ಹೇಳ್ತೀನಿ. ನನಗೆ ಸ್ಟಾರ್‌ಫೈಟರ್ ಎಂಜಿನ್ ಹೆಸರು ಗೊತ್ತಿತ್ತು, ಅದನ್ನು ಹೊಡೆದ ಕನ್ನಡ ನೆಲದ ಮನುಷ್ಯನ ಹೆಸರು ಗೊತ್ತಿರಲಿಲ್ಲ. ಇದನ್ನು ಹೇಳೋಕೆ ನನಗೆ ನಾಚಿಕೆ ಆಗುತ್ತೆ, ಆದರೂ ಹೇಳಲೇಬೇಕು.

ಮುಂದಿನ ಸಲ ಮಡಿಕೇರಿಗೆ ಹೋದಾಗ ರಾಜಾಸೀಟ್‌ಗೆ ಹೋಗೋ ಮುಂಚೆ ಹಳೆ ಬಸ್ ನಿಲ್ದಾಣದ ಹತ್ರ ಎರಡು ನಿಮಿಷ ಗಾಡಿ ನಿಲ್ಲಿಸಿ. ಮಕ್ಕಳನ್ನು ಇಳಿಸಿ. ಇವರು ಯಾರು ಅಂತ ಅವರು ಕೇಳ್ತಾರೆ. ಅವತ್ತಿನ ಪಟ್ಟಿಯಲ್ಲಿ ಇವರ ಹೆಸರೇ ಇರಲಿಲ್ಲ, ಆದರೂ ಹೋದರು ಅಂತ ಹೇಳಿ. ಓಡಿಬರಬಹುದಿತ್ತು, ತಿರುಗಿ ನಿಂತರು ಅಂತ ಹೇಳಿ. ಅದನ್ನು ನಮಗೆ ತಿಳಿಸಿದ್ದು ಅವರು ಹೊಡೆದುರುಳಿಸಿದ ಶತ್ರುವಿನ ಕಡೆಯವರು ಅಂತಲೂ ಹೇಳಿ.

ಅಷ್ಟು ಹೇಳೋಕೆ ಎರಡು ನಿಮಿಷ ಸಾಕು. ನಾವು ಈಗಾಗಲೇ 23 ವರ್ಷ ತಡ ಮಾಡಿದ್ದೇವೆ.